ಎರಡು ಬೆರಳು ಬಿಟ್ಟು ಕತ್ತರಿಸಿ

ಸಾಲೇಹಾ ಫೋನು ಹಿಡಿದರೆ ಒಲೆಯ ಮೇಲಿನ ಅನ್ನ ತಳ ಹಿಡಿಯುವವರೆಗೂ ಇಡುವುದಿಲ್ಲ ಎಂಬುದು ಆ ಮನೆಯ ಹಳೆಯ ದೂರು. ಮೊದಲಾದರೆ ಮರ್ಫಿ ಟೌನಿನ ತಂಗಿಯ ಹತ್ತಿರ ಮಾತು. ಈಗ ಧಾರವಾಡ, ಹಾಸನ, ಅಮೆರಿಕದ ಮಿಷಿಗನ್ ಎಂದು ಎಲ್ಲೆಲ್ಲೋ ಇರುವ, ಮುಖವನ್ನೇ ಕಂಡಿಲ್ಲದ ಹೆಂಗಸರ ಹತ್ತಿರ ಮಾತು.

"ಅಮ್ಮಿ, ಅನ್ನ!" ಎಂದು ಮಗಳು ಸಾಮಿಯಾ ಕಂಪ್ಯೂಟರಿನ ಮುಂದಿನಿಂದ ಕೂಗಿದಳು.

"ನೀನೇ ಇಳಿಸೇ. ಸುಪ್ರೀತಾ ಅವರು ಲೈನಲ್ಲಿದ್ದಾರೆ."

"ಯಾವ ಸುಪ್ರೀತಾ?"

"ಧಾರವಾಡದವರು. ಎರಡನೇ ಹೆರಿಗೆ ಆಯ್ತಂತೆ, ಗಂಡು."

ಸಾಮಿಯಾ ಎದ್ದು ಅನ್ನ ಇಳಿಸಿದಳು. ಅಷ್ಟರಲ್ಲಿ ತಳ ಹಿಡಿದಾಗಿತ್ತು. ಆ ಮನೆಯವರ ಮಾತು ದಖನಿ; ಇಲ್ಲಿ ಬರೆಯುವಾಗ ಕನ್ನಡಕ್ಕೆ ತಂದಿದ್ದೇನೆ, ಬೈಗುಳವನ್ನು ಕೊಂಚ ತೆಳು ಮಾಡಿ.

ಇದು ಎರಡು ಸಾವಿರದ ಒಂಬತ್ತರ ಜನವರಿ. ರಾಮಮೂರ್ತಿ ನಗರದಲ್ಲಿ, ಕೆಳಗೆ ಮನೆ ಮಾಲೀಕಳು ರಾಮಲಕ್ಷ್ಮಮ್ಮ, ಮೇಲೆ ಇವರು ನಾಲ್ವರು. ಯಜಮಾನ ಅಹ್ಮದ್ ಪಾಷಾ ಶಿವಾಜಿನಗರದ ಒಂದು ಗಲ್ಲಿಯಲ್ಲಿ ಮೂವತ್ತೈದು ವರ್ಷದಿಂದ ಲೇಡೀಸ್ ಟೈಲರ್. ರವಿಕೆ ಹೊಲಿಯುವುದರಲ್ಲಿ ಅವರ ಕೈಗೆ ಹೆಸರು. ಇಂದಿರಾನಗರದ ದೊಡ್ಡ ಮನೆಯವರು ಕಾರು ಕಳಿಸಿ ಹೊಲಿಸುತ್ತಿದ್ದರು. ಅಷ್ಟೂ ವರ್ಷದಲ್ಲಿ ಅವರು ಒಬ್ಬ ಹೆಂಗಸಿನ ಮೈಮೇಲೂ ಟೇಪು ಇಟ್ಟವರಲ್ಲ. ಗಿರಾಕಿಗಳು ಮೈಗೆ ಸರಿಯಾಗಿ ಕೂರುವ ಹಳೆಯ ರವಿಕೆಯೊಂದನ್ನು ತರುತ್ತಿದ್ದರು. ಅದಕ್ಕೆ ಅಳತೆ ಬ್ಲೌಸ್ ಎಂದು ಹೆಸರು. ಪಾಷಾ ಅದನ್ನು ಮಡಿಸಿದ ಹೊಸ ಬಟ್ಟೆಯ ಮೇಲೆ ಹರಡಿ, ಹೊಲಿಗೆಗೆ ಒಳಗೆ ಉಳಿಯಲೆಂದು ಅಂಚಿಗೆ ತಮ್ಮ ಎರಡು ಬೆರಳು ಒತ್ತಿಟ್ಟು, ಬೆರಳಿನ ಆಚೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ಕತ್ತರಿ ಹಾಕುತ್ತಿದ್ದರು. ಇಂಚು ಗಿಂಚು ಅವರ ಬಾಯಲ್ಲಿ ಬರುತ್ತಿರಲಿಲ್ಲ.

ಎರಡು ವರ್ಷದ ಹಿಂದೆ ಕಣ್ಣಿನ ಡಾಕ್ಟರು ಸೂಕ್ಷ್ಮದ ಕೆಲಸ ಹೆಚ್ಚು ದಿನ ನಡೆಯದು ಎಂದು ಹೇಳಿಬಿಟ್ಟರು. ಆಗ ಸಾಮಿಯಾಳಿಗೆ ಹೊಳೆದದ್ದು ಈ ಆನ್‌ಲೈನ್ ಕ್ಲಾಸು. ಊರೂರಲ್ಲಿ, ದೇಶದಾಚೆ, ಸೀರೆ ಇದೆ ಆದರೆ ರವಿಕೆ ಹೊಲಿಯುವವರಿಲ್ಲ ಎಂದು ಪೇಚಾಡುವ ಹೆಂಗಸರು ಎಷ್ಟೊಂದು ಜನ. ಅಪ್ಪನನ್ನು ಅವಳು ಕರೆಯುವುದು ಅಬ್ಬಾ ಎಂದು. ಅಬ್ಬಾ ಕತ್ತರಿಸುವುದನ್ನು ವಿಡಿಯೋ ಮಾಡಿ, ಕನ್ನಡದಲ್ಲಿ ಹೇಳಿಸಿ, ವೆಬ್‌ಸೈಟಿಗೆ ಹಾಕುವುದು. ಆರು ವಾರದ ಪಾಠ. ಅವಳು ಇನ್ಶೂರೆನ್ಸ್ ಆಫೀಸಿನ ಕೆಲಸ ಬಿಟ್ಟಳು. ಅಣ್ಣ ರಿಜ್ವಾನ್ ಡಿಟಿಪಿ ಅಂಗಡಿಯಲ್ಲಿ ಕಲಿತ ವಿದ್ಯೆಯಿಂದ ವೆಬ್‌ಸೈಟು ಮಾಡಿದ. ಮದುವೆ ವಿಡಿಯೋ ತೆಗೆಯುವ ಅವನ ಗೆಳೆಯ ಅನೀಸ್ ಕ್ಯಾಮೆರಾ ತಂದ. ಮೊದಲ ಬ್ಯಾಚಿಗೆ ಹನ್ನೆರಡು ಜನ, ಆಮೇಲೆ ಹದಿನೆಂಟು, ಆಮೇಲೆ ಇಪ್ಪತ್ತೆರಡು. ಎಲ್ಲರೂ ಹೊಲಿದು ತೊಟ್ಟ ಫೋಟೋ ಕಳಿಸಿದರು. ಅಬ್ಬಾನ ಕಣ್ಣು ಪೂರ್ತಿ ಕೈಕೊಡುವ ಮೊದಲು ಈ ಕ್ಲಾಸು ತನ್ನ ಕಾಲ ಮೇಲೆ ನಿಲ್ಲಬೇಕು. ಇಲ್ಲದಿದ್ದರೆ ಅಂಗಡಿ ಮುಚ್ಚಿದ ದಿನ ಒಲೆ ಉರಿಸುವುದು ಹೇಗೆಂದು ಸಾಮಿಯಾಳಿಗೆ ತಿಳಿಯದು.

ಸಾಲೇಹಾಳ ಪಾಲು ಫೋನು. ಪಾಠ ಶುರುವಾದ ಮೊದಲ ವಾರದಲ್ಲಿ ಒಬ್ಬೊಬ್ಬರಿಗೂ ಕರೆ ಮಾಡಿ ಮಾತಾಡಿಸುವುದು. ಮರ್ಫಿ ಟೌನಿನಲ್ಲಿ ಬೆಳೆದವಳು, ಕನ್ನಡ, ತಮಿಳು ಎರಡೂ ನಾಲಗೆಯ ತುದಿಯಲ್ಲಿ. ಮಾತಿನ ಮೊದಲ ಕಾಲುಗಂಟೆ ಮಕ್ಕಳು, ಅತ್ತೆ, ಸಾರಿನ ಪುಡಿ. ಆಮೇಲೆ ಏನು ಮಾತಾಡುತ್ತಾಳೆಂದು ಮನೆಯಲ್ಲಿ ಯಾರೂ ಕಿವಿಗೊಟ್ಟವರಲ್ಲ.

ಫೆಬ್ರವರಿಯ ಮೊದಲ ಭಾನುವಾರ ಖಿಚಡಿ, ಅದಕ್ಕೆ ಹುಣಸೆಯ ಹುಳಿ ಸಾರು ಖಟ್ಟಾ ಬಡಿಸಿಕೊಂಡು ಕೂತಿದ್ದಾಗ ರಿಜ್ವಾನ್ ಸುದ್ದಿ ಹೇಳಿದ. ಅಮೆರಿಕದ ಕನ್ನಡ ಸಂಘದವರ ಮೇಲ್ ಪಟ್ಟಿಗೆ ಅವನು ಒಂದು ಜಾಹೀರಾತು ಕಳಿಸಿದ್ದ. ಮುಂದಿನ ಬ್ಯಾಚಿಗೆ ನೂರ ನಲವತ್ತು ಜನ ಹೆಸರು ಕೊಟ್ಟಿದ್ದರು.

ಸಾಮಿಯಾಳ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. "ನೂರ ನಲವತ್ತಾ? ನಲವತ್ತು ತಗೊಳ್ಳೋಣ ಅಂತ ಅಲ್ವೇನೋ ಮಾತಾಡಿದ್ದು?"

"ಬಂದವರನ್ನ ಬೇಡ ಅಂತೀಯಾ? ವಿಡಿಯೋ ಅದೇ ವಿಡಿಯೋ. ಹತ್ತು ಜನ ನೋಡಿದ್ರೂ ಅಷ್ಟೇ, ಸಾವಿರ ಜನ ನೋಡಿದ್ರೂ ಅಷ್ಟೇ. ಇದಕ್ಕೆ ಸ್ಕೇಲ್ ಮಾಡೋದು ಅಂತಾರೆ."

"ಅವರು ಪ್ರಶ್ನೆ ಕೇಳಿದ್ರೆ ಯಾರು ಉತ್ತರ ಕೊಡೋದು? ನನಗಿರೋದು ಎರಡೇ ಕೈ."

"ಪದೇ ಪದೇ ಕೇಳೋ ಪ್ರಶ್ನೆ ಎಲ್ಲ ಒಂದು ಪೇಜಲ್ಲಿ ಬರೆದುಹಾಕಿದ್ರಾಯ್ತು."

ಇಬ್ಬರೂ ಅಪ್ಪನ ಕಡೆ ನೋಡಿದರು. ಪಾಷಾ ಜೀವಮಾನದಲ್ಲಿ ಕೆಲಸ ಕಲಿಸಿದ್ದು ನಾಲ್ವರು ಶಾಗಿರ್ದರಿಗೆ. ಅದರಲ್ಲಿ ಇಬ್ಬರು ಅರ್ಧಕ್ಕೆ ಬಿಟ್ಟು ಆಟೋ ಓಡಿಸುತ್ತಿದ್ದರು.

"ನೂರ ನಲವತ್ತು ಶಾಗಿರ್ದು!" ಎಂದರು ಅವರು. ತಟ್ಟೆಯಲ್ಲಿನ ಖಿಚಡಿ ಆರುತ್ತಿದ್ದುದು ಅವರಿಗೆ ಗೊತ್ತಾಗಲಿಲ್ಲ. "ನಮ್ಮ ಉಸ್ತಾದರಿಗೂ ಇಷ್ಟು ಜನ ಇರ್ಲಿಲ್ಲ. ತಗೋ ಮಗಾ, ಎಲ್ಲರನ್ನೂ ತಗೋ."

ಸಾಮಿಯಾ ತುತ್ತು ಬಾಯಿಗಿಟ್ಟುಕೊಂಡಳು. ಅಪ್ಪನ ಮುಖ ಅಷ್ಟು ಅರಳಿದ್ದನ್ನು ಕಂಡು ಎಷ್ಟೋ ದಿನವಾಗಿತ್ತು.

"ಹಾಗಾದ್ರೆ ನಾನು ದಿನಕ್ಕೆ ಎಷ್ಟು ಜನಕ್ಕೆ ಫೋನ್ ಮಾಡ್ಬೇಕು?" ಎಂದು ಸಾಲೇಹಾ ಕೇಳಿದಳು.

"ನಕ್ಕೋ ಅಮ್ಮಿ, ಫೋನೇ ಬೇಡ," ಎಂದ ರಿಜ್ವಾನ್. "ನೂರ ನಲವತ್ತು ಜನದ ಹತ್ರ ಬಾಣಂತನ, ಸಾರಿನ ಪುಡಿ ಅಂತ ಮಾತಾಡೋಕೆ ಟೈಮೆಲ್ಲಿದೆ? ನೀವು ಆರಾಮಾಗಿರಿ."

"ಅಲ್ಲ, ನಾನು ಅವರನ್ನ ಕೇಳೋದು..."

"ಕೇಳೋದೆಲ್ಲ ಪೇಜಲ್ಲಿ ಬರೀತೀನಿ ಅಂದೆನಲ್ಲ."

"ಹೌದು, ಸಾಲೇಹಾ," ಎಂದು ಪಾಷಾ ಕೂಡ ಸೇರಿಸಿದರು. "ಅನ್ನನಾದ್ರೂ ತಳ ಹಿಡಿಯೋದು ತಪ್ಪುತ್ತೆ."

ಎಲ್ಲರೂ ನಕ್ಕರು. ಸಾಲೇಹಾ ಎದ್ದು ಖಟ್ಟಾದ ಪಾತ್ರೆ ಒಳಗೆ ತೆಗೆದುಕೊಂಡು ಹೋದಳು. ರಿಜ್ವಾನ್ ಇನ್ನೊಂದು ಸೌಟು ಕೇಳುವವನಿದ್ದ, ಕೇಳಲಿಲ್ಲ.

ಮೊದಲ ಮೂರು ವಾರ ಎಲ್ಲವೂ ಚೆನ್ನಾಗಿಯೇ ನಡೆಯಿತು. ಸಾಮಿಯಾ ಬೆಳಿಗ್ಗೆ ಬೋರಿನ ನೀರು ಹಿಡಿದು, ತಿಂಡಿ ಮುಗಿಸಿ ಕಂಪ್ಯೂಟರಿನ ಮುಂದೆ ಕೂತರೆ ಮಧ್ಯಾಹ್ನದವರೆಗೆ ಏಳುತ್ತಿರಲಿಲ್ಲ. ಸಂಜೆ ಅಂಗಡಿಯಿಂದ ಬಂದ ಪಾಷಾ, "ಏನಂತಾರೆ ನಮ್ಮ ಶಾಗಿರ್ದುಗಳು?" ಎಂದು ಚಪ್ಪಲಿ ಬಿಡುವ ಮೊದಲೇ ಕೇಳುತ್ತಿದ್ದರು. ಮಧ್ಯಾಹ್ನದ ಅನ್ನ ಹದವಾಗಿ ಬೇಯುತ್ತಿತ್ತು. ಸಾಲೇಹಾ ಫೋನಿನ ಮೇಲೆ ಕ್ರೋಶಾ ಹಾಕಿದ ಬಟ್ಟೆ ಹೊದಿಸಿದ್ದಳು.

ನಾಲ್ಕನೇ ವಾರ ಬಟ್ಟೆ ಕತ್ತರಿಸುವ ಪಾಠ. ಐದನೇ ವಾರ ಈ-ಮೇಲುಗಳು ಬರತೊಡಗಿದವು. ಬಿಗಿ. ತೋಳೊಳಗೆ ಕೈ ಹೋಗುತ್ತಿಲ್ಲ. ಹುಕ್ಕು ಕೂಡುತ್ತಿಲ್ಲ. ಹೊಲಿಗೆ ಬಿಚ್ಚಿ ಅಗಲ ಮಾಡೋಣವೆಂದರೆ ಒಳಗೆ ಬಟ್ಟೆಯೇ ಇಲ್ಲ. ಮೊದಲ ದಿನ ನಾಲ್ಕು, ಮರುದಿನ ಒಂಬತ್ತು, ವಾರದ ಕೊನೆಗೆ ಮೂವತ್ತೊಂದು.

"ಸರಿಯಾಗಿ ನೋಡಿರಲ್ಲ ಬಿಡು," ಎಂದ ರಿಜ್ವಾನ್. "ವಿಡಿಯೋ ಓಡಿಸಿಕೊಂಡು ನೋಡಿರ್ತಾರೆ."

"ಮೂವತ್ತೊಂದು ಜನನೂ ಓಡಿಸಿಕೊಂಡು ನೋಡಿದ್ರಾ?"

"ಹೋದ ಮೂರು ಬ್ಯಾಚಿಗೆ ಇದೇ ವಿಡಿಯೋ ಅಲ್ವೇನೇ? ಆಗ ಯಾಕೆ ಸರಿಹೋಯ್ತು?"

ಸಾಮಿಯಾಳನ್ನು ಕಾಡುತ್ತಿದ್ದುದೂ ಅದೇ.

ಮಿಷಿಗನ್ನಿನ ಅಂಜಲಿ ಎಂಬವಳ ಮೇಲನ್ನು ಅವಳು ಅಪ್ಪನಿಗೆ ಓದಬಾರದೆಂದೇ ಇದ್ದಳು. ಆದರೆ ಪಾಷಾ ಹಿಂದೆಯೇ ಬಂದು ನಿಂತು, "ಓದು," ಎಂದರು. ಓದಲೇಬೇಕಾಯಿತು. ತಂಗಿಯ ಮದುವೆಗೆಂದು ಅಂಜಲಿ ತನ್ನ ತಾಯಿಯ ರೇಷ್ಮೆ ಸೀರೆಯ ರವಿಕೆ ಕಣವನ್ನೇ ಕತ್ತರಿಸಿದ್ದಳು. ತಾಯಿ ಈಗಿಲ್ಲ. ಬೈಗುಳ ಒಂದೂ ಇರಲಿಲ್ಲ. "ಮಾಸ್ಟರ್ ಹೇಳಿದ ಹಾಗೇ ಮಾಡಿದೆ. ನನ್ನಿಂದ ಎಲ್ಲಿ ತಪ್ಪಾಯಿತೆಂದು ದಯವಿಟ್ಟು ತಿಳಿಸಿ," ಎಂದು ಬರೆದಿದ್ದಳು.

ಪಾಷಾ ಒಳಗಿನಿಂದ ಹಳೆಯ ಲೈನಿಂಗ್ ಬಟ್ಟೆ ತಂದು ನೆಲದ ಮೇಲೆ ಹಾಸಿ, ಹೆಂಡತಿಯ ರವಿಕೆಯೊಂದನ್ನು ಹರಡಿ, ಎರಡು ಬೆರಳಿಟ್ಟು ಗೆರೆ ಎಳೆದು ಕತ್ತರಿಸಿದರು. ಹೊಲಿದು ನೋಡಿದರೆ ಸರಿಯಾಗಿತ್ತು. ಸರಿಯಾಗಿದ್ದುದರಿಂದಲೇ ಅವರ ಸಂಕಟ ಹೆಚ್ಚಾಯಿತು.

"ನನ್ನ ಕೈ ಕೆಟ್ಟಿಲ್ಲ," ಎಂದರು. "ಹಾಗಾದ್ರೆ ಬಾಯಿ ಕೆಟ್ಟಿರ್ಬೇಕು. ಹೇಳಿಕೊಡೋಕೆ ಬರದವನು ಹೇಳಿಕೊಡಬಾರ್ದಿತ್ತು. ಆ ತಾಯಿ ಬಟ್ಟೆ ಯಾವ ಅಂಗಡೀಲಿ ಸಿಗುತ್ತೆ? ನಿಲ್ಲಿಸಿಬಿಡು ಬೇಟಾ. ಎಲ್ಲರ ಫೀಸೂ ವಾಪಸ್ ಕೊಟ್ಬಿಡು."

"ಅಬ್ಬಾ, ಎರಡು ವಾರ ಟೈಮ್ ಕೊಡಿ. ಎಲ್ಲಿ ತಪ್ಪಾಯ್ತು ಅಂತ ಹುಡುಕ್ತೀನಿ."

"ಇನ್ನು ನಾನು ಕ್ಯಾಮೆರಾ ಮುಂದೆ ಕೂರಲ್ಲ."

ಮರುದಿನ ಪಾಷಾ ಎಂದಿಗಿಂತ ಮೊದಲೇ ಅಂಗಡಿಗೆ ಹೊರಟರು. ಡಬ್ಬಿ ಮರೆತು ಹೋಗಿದ್ದರು, ಅಥವಾ ಬೇಕೆಂದೇ ಬಿಟ್ಟಿದ್ದರು. ಅಣ್ಣ ತಂಗಿ ಮೂರು ದಿನ ಮಾತಾಡಲಿಲ್ಲ. ನಾಲ್ಕನೆಯ ದಿನ ಮಾತಾಡಿದ್ದೂ ಜಗಳಕ್ಕೆ.

"ನಲವತ್ತು ಅಂದೆ, ಕೇಳಿದ್ಯಾ ನೀನು?"

"ನಲವತ್ತು ಜನ ಇದ್ದಿದ್ರೆ ಬಿಗಿ ಆಗ್ತಿರ್ಲಿಲ್ವಾ? ಲೆಕ್ಕ ಬರುತ್ತೇನೆ ನಿನಗೆ?"

"ಕೆಲಸ ಬಿಟ್ಟವಳು ನಾನು, ನೀನಲ್ಲ! ಇದು ಮುಳುಗಿದ್ರೆ ಆ ಆಫೀಸಿಗೆ ಹೋಗಿ ಮತ್ತೆ ಕೈಮುಗಿದು ನಿಲ್ಲೋಳು ನಾನು. ಅದು ಹೋಗ್ಲಿ. ಅಬ್ಬಾನ ಮುಖ ನೋಡಿದ್ಯಾ?"

ರಿಜ್ವಾನ್ ಊಟ ಅರ್ಧಕ್ಕೆ ಬಿಟ್ಟು ಎದ್ದ. ಕಣ್ಣಲ್ಲಿ ನೀರಿತ್ತು, ಅದನ್ನು ತಂಗಿಗೆ ತೋರಿಸುವ ಹುಡುಗ ಅವನಲ್ಲ. ಸೀದಾ ಬೈಕು ತೆಗೆದ.

ಶುಕ್ರವಾರ ಬೆಳಿಗ್ಗೆ ಕೆಳಗಿನ ರಾಮಲಕ್ಷ್ಮಮ್ಮ ಮೆಟ್ಟಿಲು ಹತ್ತಿ ಬಂದಳು. ಆಸುಪಾಸೆಲ್ಲ ಹೊಲವಾಗಿದ್ದಾಗಿನಿಂದ ಎಮ್ಮೆ ಸಾಕಿ, ಹಾಲು ಕರೆದು, ಆಮೇಲೆ ಸೈಟು ಮಾರಿ ಮನೆ ಕಟ್ಟಿಸಿದವಳು. ಹೊತ್ತು ಹೋಗದೆ ಇವರ ಕಂಪ್ಯೂಟರಿನಲ್ಲೇ ಪಾಠ ನೋಡುತ್ತಿದ್ದಳು, ಬಿಟ್ಟಿಯಾಗಿ. ಬಂದವಳೇ ಸೆರಗು ಸರಿಸಿ ತೋರಿಸಿದಳು.

"ನೋಡ್ರವ್ವಾ, ನಿಮ್ಮ ಸಾಹೇಬ್ರು ಕಲಿಸಿದ ಬ್ಲೌಸು. ಒಳಗೆ ಇನ್ನೊಬ್ಬಳು ಹಿಡಿಸ್ತಾಳೆ."

ರವಿಕೆ ಜೋಲುತ್ತಿತ್ತು. ಸಾಮಿಯಾ ಕುರ್ಚಿಯಿಂದ ಎದ್ದೇ ನಿಂತಳು. "ದೊಗಳೆನಾ? ಎಲ್ಲರಿಗೂ ಬಿಗಿ ಆಗಿದೆ, ನಿಮಗೆ ದೊಗಳೆ ಹೇಗಾಯ್ತು?"

"ನನ್ನ ಯಾಕೆ ಕೇಳ್ತೀಯಾ? ಎರಡು ಬೆರಳು ಬಿಡಿ ಅಂದ್ರು, ಬಿಟ್ಟೆ."

ಸಾಲೇಹಾ ಬಾಗಿಲ ಹತ್ತಿರ ಕೂತು ಅಕ್ಕಿ ಆರಿಸುತ್ತಿದ್ದಳು. ತಲೆ ಎತ್ತದೆ ಹೇಳಿದಳು: "ಅವರ ಬೆರಳು ದಪ್ಪ ಅಲ್ವಾ. ಅದಕ್ಕೇ ದೊಗಳೆ."

ಸಾಮಿಯಾ ತಾಯಿಯ ಕಡೆ ತಿರುಗಿದಳು. "ಏನಂದ್ರಿ?"

"ಬೆರಳು. ನಿಮ್ಮಪ್ಪ ಎರಡು ಬೆರಳು ಅಂತಾರಲ್ಲ, ಅದು ಅವರ ಬೆರಳು. ಶಾಗಿರ್ದುಗಳದು ಅಲ್ಲ, ರಾಮಲಕ್ಷ್ಮಮ್ಮನದೂ ಅಲ್ಲ."

ಸಾಮಿಯಾ ಮೇಜಿನ ಮೇಲಿದ್ದ ಸ್ಕೇಲು ತಂದು ತನ್ನ ಎರಡು ಬೆರಳನ್ನು ಇಟ್ಟಳು. ಒಂದೂಕಾಲು ಇಂಚು. ರಾಮಲಕ್ಷ್ಮಮ್ಮನದು ಎರಡು ಇಂಚಿಗೆ ಹತ್ತಿರ. ಒಂದು ಅಂಚಿಗೆ ಅರ್ಧ ಇಂಚು ಕಡಿಮೆಯಾದರೆ ಮುಂದೆ ಎರಡು, ಹಿಂದೆ ಎರಡು, ನಾಲ್ಕು ಅಂಚು ಸೇರಿ ಎರಡು ಇಂಚು ಬಿಗಿ.

"ಅಮ್ಮಿ, ಇದು ನಿಮಗೆ ಮೊದಲೇ ಗೊತ್ತಿತ್ತಾ?"

"ಗೊತ್ತಿಲ್ದೆ? ನಾನು ಫೋನ್ ಮಾಡ್ತಿದ್ದಿದ್ದೇ ಅದಕ್ಕೆ. ಸ್ಕೇಲ್ ಮೇಲೆ ಬೆರಳಿಡಿ, ಎಷ್ಟು ಬಂತು ಹೇಳಿ ಅಂತ ಕೇಳ್ತಿದ್ದೆ. ಸಣ್ಣ ಬೆರಳಿನವರಿಗೆ ಎರಡೂವರೆ ಬಿಡಿ, ಮೂರು ಬಿಡಿ ಅಂತಿದ್ದೆ. ಬಾಣಂತಿಯರಿಗೆ ಇನ್ನೂ ಸ್ವಲ್ಪ ಜಾಸ್ತಿ. ಅವರ ಅಳತೆ ಬ್ಲೌಸು ಹೆರಿಗೆಗೆ ಮುಂಚಿನದು ತಾನೇ?"

ಸಾಲೇಹಾ ಎದ್ದು ಗೋಡೆಯಲ್ಲಿದ್ದ ಹಳೆಯ ಕ್ಯಾಲೆಂಡರನ್ನು ಮೊಳೆಯಿಂದ ತೆಗೆದು ಹಿಂದುಮುಂದು ಮಾಡಿ ಕೊಟ್ಟಳು. ಹಾಳೆಗಳ ಬೆನ್ನ ಮೇಲೆಲ್ಲ ಪೆನ್ಸಿಲಿನಲ್ಲಿ ಉರ್ದು ಅಕ್ಷರ. ಐವತ್ತೆರಡು ಹೆಸರು. ಒಂದೊಂದು ಹೆಸರಿನ ಮುಂದೆ ಬೆರಳಿನ ಅಳತೆ, ಮಕ್ಕಳೆಷ್ಟು, ಹಳೆಯ ರವಿಕೆ ಯಾವ ವರ್ಷದ್ದು.

"ಇಷ್ಟು ದಿನ ಯಾಕೆ ಹೇಳ್ಲಿಲ್ಲ ಅಮ್ಮಿ? ಎರಡು ವಾರದಿಂದ ನಾವು ಸಾಯ್ತಿದೀವಿ! ಮಿಷಿಗನ್ನಿನ ಅಂಜಲಿ ಅನ್ನೋಳು ತೀರಿಕೊಂಡ ತಾಯಿಯ ರೇಷ್ಮೆನೇ ಹಾಳು ಮಾಡ್ಕೊಂಡಳು!"

"ಹೇಳೋಕೆ ಬಂದಾಗ ನೀವೆಲ್ಲ ನಕ್ರಿ," ಎಂದಳು ಸಾಲೇಹಾ. "ಆಮೇಲೆ ಮೇಲಲ್ಲಿ ಏನು ಬಂತು ಅಂತ ನನಗೆ ಯಾರು ಓದಿ ಹೇಳಿದ್ರು? ಬಿಗಿ ಅಂತ ಜಗಳ ಆಡಿದ್ದು ಕೇಳಿಸ್ತು. ನನಗೂ ಕೋಪ ಇತ್ತು, ಇರ್ಲಿ ಅಂತ ಸುಮ್ನಿದ್ದೆ. ಆ ಹುಡುಗಿ ತಾಯಿ ಬಟ್ಟೆ ವಿಷಯ ನನಗೆ ಗೊತ್ತಿರ್ಲಿಲ್ಲ. ಗೊತ್ತಿದ್ರೆ ಸುಮ್ನಿರ್ತಿರ್ಲಿಲ್ಲ." ಮೊರ ಎತ್ತಿಕೊಂಡು ಒಳಗೆ ಹೋದಳು.

"ಇಂಥ ಹೆಂಗಸನ್ನ ಅಡುಗೆಮನೇಲಿ ಕೂರಿಸಿದ್ದೀರಲ್ಲ, ನಿಮಗೆ ಬುದ್ಧಿ ಇದೆಯಾ?" ಎಂದು ರಾಮಲಕ್ಷ್ಮಮ್ಮ ಸಾಮಿಯಾಳಿಗೆ ಬೈದು, ದೊಗಳೆ ರವಿಕೆಯಲ್ಲೇ ಮೆಟ್ಟಿಲು ಇಳಿದಳು.

ಸಂಜೆ ಪಾಷಾ ಬಂದಾಗ ಮನೆಯಲ್ಲಿ ಮೂವರೂ ಇದ್ದರು. ಸಾಮಿಯಾ ವಿಷಯ ಹೇಳಿ ಸ್ಕೇಲು ಮುಂದೆ ಇಟ್ಟಳು. ಪಾಷಾ ಕೈಯಿಟ್ಟರು. ಒಂದೂಮುಕ್ಕಾಲು ಇಂಚು. ಮೂವತ್ತೈದು ವರ್ಷ ಅಳತೆಗೆ ಇಟ್ಟ ಬೆರಳನ್ನು ಅವರು ಅಳೆದದ್ದು ಅದೇ ಮೊದಲು.

ಆಮೇಲೆ ಹೆಂಡತಿಯನ್ನು ಕೇಳಿದರು: "ನಿನಗೆ ಯಾವಾಗ ಗೊತ್ತಾಯ್ತು?"

"ಮದುವೆ ಆದ ವರ್ಷ. ನೀವು ಅಂಗಡೀಲಿದ್ದಾಗ ನಿಮ್ಮ ಹಾಗೇ ಎರಡು ಬೆರಳು ಬಿಟ್ಟು ನನಗೊಂದು ಕತ್ತರಿಸ್ಕೊಂಡೆ. ತೋಳು ಹತ್ತಲಿಲ್ಲ."

"ಆ ನೀಲಿ ಬಟ್ಟೆ?"

"ಹೌ. ನೀಲಿ ಬಟ್ಟೆ."

ಪಾಷಾರಿಗೆ ನೆನಪಿತ್ತು. ಬಟ್ಟೆ ಹಾಳುಮಾಡಿದೆ ಎಂದು ಅಂದು ಕೂಗಾಡಿದ್ದರು. ನಿನ್ನ ಕೈಗೆ ಕಸುಬು ಹತ್ತುವುದಿಲ್ಲ, ಇನ್ನು ಕತ್ತರಿ ಮುಟ್ಟಬೇಡ ಎಂದಿದ್ದರು. ಅವಳು ಮುಟ್ಟಿರಲಿಲ್ಲ.

"ನಾನು ಬೈದಿದ್ದೆ," ಎಂದರು.

"ಬೈದಿದ್ರಿ."

"ತಪ್ಪು ನನ್ನದಾಗಿತ್ತು."

ಮಕ್ಕಳ ಎದುರಿಗೆ ಪಾಷಾ ಈ ಮಾತು ಆಡಿದ್ದು ಅದೇ ಮೊದಲು. ರಿಜ್ವಾನ್ ಎದ್ದು ಹೋಗಿ ಫೋನಿನ ಮೇಲಿನ ಬಟ್ಟೆ ತೆಗೆದ. "ಅಮ್ಮಿ, ನಾಳೆಯಿಂದ ನೂರ ನಲವತ್ತು ಜನಕ್ಕೂ..." ಎಂದು ಶುರುಮಾಡಿದ.

"ನೂರ ನಲವತ್ತು ನನ್ನಿಂದ ಆಗಲ್ಲ," ಎಂದಳು ಸಾಲೇಹಾ. "ಒಂದು ಬ್ಯಾಚಿಗೆ ಇಪ್ಪತ್ತೈದು ಜನ. ಇಪ್ಪತ್ತಾರನೇ ಹೆಸರು ತಂದ್ರೆ ಫೋನು ನೀನೇ ಮಾಡು. ಹನ್ನೊಂದರಿಂದ ಒಂದು ಗಂಟೆವರೆಗೆ ನಾನು ಅಡುಗೆಮನೆಗೆ ಹೋಗಲ್ಲ. ಅನ್ನ ಯಾರು ಮಾಡ್ತೀರೋ ನೀವೇ ಮಾತಾಡ್ಕೊಳ್ಳಿ."

"ಇಪ್ಪತ್ತೈದಾ? ಅದ್ರಲ್ಲಿ ಬೆಳೆಯೋದು ಹೇಗೆ ಅಮ್ಮಿ?"

"ನನಗೆ ಸಾಮಿಯಾನ ಕೊಡು, ಕೂರಿಸ್ಕೊಂಡು ಮಾತಾಡೋದು ಕಲಿಸ್ತೀನಿ. ಅವಳು ಕಲಿತರೆ ಐವತ್ತು ತಗೊಳ್ಳೋಣ. ಅಲ್ಲೀವರೆಗೆ ಬೇಡ."

ಸಾಮಿಯಾ ಅಂದೇ ನೂರ ನಲವತ್ತು ಜನಕ್ಕೆ ಪತ್ರ ಬರೆದಳು. ತಪ್ಪು ನಿಮ್ಮದಲ್ಲ, ನಮ್ಮದು. ಬೇಡವೆಂದವರಿಗೆ ಫೀಸು ವಾಪಸು. ಇರುವವರು ಸರದಿಯಲ್ಲಿ ಕಾಯಬೇಕು, ನಮ್ಮ ತಾಯಿ ಫೋನು ಮಾಡುತ್ತಾರೆ. ಬಟ್ಟೆ ಹಾಳಾದವರು ಅಳತೆ ಬ್ಲೌಸ್ ಕಳಿಸಿದರೆ ಮಾಸ್ಟರ್ ಒಂದು ರವಿಕೆ ಹೊಲಿದು ಕೊಡುತ್ತಾರೆ ಎಂದು. ನಲವತ್ತೆಂಟು ಜನ ಬಿಟ್ಟುಹೋದರು, ಅದರಲ್ಲಿ ಕೆಲವರು ಕೆಟ್ಟದಾಗಿ ಬರೆದೇ ಹೋದರು. ಉಳಿದವರು ಉಳಿದರು. ರಿಜ್ವಾನ್ ವೆಬ್‌ಸೈಟಿನಲ್ಲಿ ಹೊಸ ಹೆಸರು ಬರೆಸುವ ಬಟನ್ನು ಮುಚ್ಚಿದ, ಅದನ್ನು ಮುಚ್ಚುವಾಗ ಮುಖ ಸೊಟ್ಟ ಮಾಡಿಕೊಂಡೇ. ಅಂಜಲಿ ಹಾಳಾದ ರೇಷ್ಮೆಯ ತುಂಡುಗಳನ್ನೇ ಪೋಸ್ಟಿನಲ್ಲಿ ಕಳಿಸಿದಳು. ಪಾಷಾ ಭೂತಗನ್ನಡಿ ಇಟ್ಟುಕೊಂಡು, ಕಂಕುಳಲ್ಲಿ ಪಟ್ಟಿ ಕೊಟ್ಟು, ಜೋಡಿಸಿದ್ದು ಕಾಣದ ಹಾಗೆ ಮತ್ತೆ ರವಿಕೆ ಮಾಡಿದರು. ಅದಕ್ಕೆ ಅವರಿಗೆ ಹನ್ನೊಂದು ದಿನ ಹಿಡಿಯಿತು.

ವಿಡಿಯೋವನ್ನೂ ಮತ್ತೆ ತೆಗೆದರು. ಅನೀಸ್ ಕ್ಯಾಮೆರಾ ಹಿಡಿದ. ಪಾಷಾ ಕತ್ತರಿ ಕೈಗೆತ್ತಿಕೊಳ್ಳುವ ಮೊದಲು ಹೆಂಡತಿಯನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡರು. ಸ್ಕೇಲಿನ ಮೇಲೆ ಇಬ್ಬರ ಬೆರಳೂ ಕಾಣಬೇಕು ಎಂದು ಅನೀಸನಿಗೆ ಹೇಳಿದರು.

ಏಪ್ರಿಲಿನ ಕೊನೆಯ ಸೋಮವಾರ, ಉಳಿದವರಲ್ಲಿ ಮೊದಲ ಇಪ್ಪತ್ತೈದು ಜನರ ಬ್ಯಾಚು ಶುರುವಾಯಿತು. ಹನ್ನೊಂದು ಗಂಟೆಗೆ ಸಾಲೇಹಾ ಕ್ಯಾಲೆಂಡರು, ಪೆನ್ಸಿಲು ಹಿಡಿದು ಫೋನಿನ ಮುಂದೆ ಕೂತಳು. ಮಗಳು ಪಕ್ಕದಲ್ಲಿ ಕೂತು ಕೇಳಿಸಿಕೊಳ್ಳುತ್ತಿದ್ದಳು. ರಿಜ್ವಾನ್ ಕೆಲಸಕ್ಕೆ ಹೋಗಿದ್ದ. ಅಂಗಡಿಗೆ ಮಧ್ಯಾಹ್ನದ ಮೇಲೆ ಹೋಗುತ್ತೇನೆಂದ ಪಾಷಾ ಅಡುಗೆಮನೆ ಹೊಕ್ಕಿದ್ದರು. ಅಕ್ಕಿ ತೊಳೆದದ್ದಾಯಿತು. ಒದ್ದೆ ಕೈಯಲ್ಲೇ ಬಾಗಿಲಿಗೆ ಬಂದು ಮೆಲ್ಲನೆ ಕೇಳಿದರು:

"ನೀರು ಎಷ್ಟು?"

ಸಾಲೇಹಾ ಫೋನಿನ ಬಾಯಿಗೆ ಕೈ ಅಡ್ಡ ಹಿಡಿದಳು. "ಅಕ್ಕಿ ಮೇಲೆ ಬೆರಳಿಡಿ. ಒಂದು ಗೆಣ್ಣು ನೀರು ಬರ್ಬೇಕು."

ಪಾಷಾ ಒಳಗೆ ಹೋದರು. ನಲ್ಲಿ ಬಿಟ್ಟ ಸದ್ದಾಯಿತು, ನಿಲ್ಲಿಸಿದ ಸದ್ದಾಯಿತು. ಮತ್ತೆ ಬಾಗಿಲಿಗೆ ಬಂದರು. ತೋರುಬೆರಳನ್ನು ಮುಖದ ಮುಂದೆ ಹಿಡಿದು ನೋಡಿಕೊಳ್ಳುತ್ತಿದ್ದರು.

"ಸಾಲೇಹಾ, ಯಾರ ಬೆರಳು? ನಿಂದಾ, ನಂದಾ?"

ಆ ಕಡೆ ಲೈನಿನಲ್ಲಿದ್ದ ಹಾಸನದ ಹೆಂಗಸಿಗೆ ಏನೂ ಅರ್ಥವಾಗಿರಲಿಕ್ಕಿಲ್ಲ. ಸಾಲೇಹಾ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದಳು. ನಗುತ್ತಲೇ ತನ್ನ ಕೈ ಮುಂದೆ ಚಾಚಿದಳು. ಪಾಷಾ ಬಂದು ತಮ್ಮ ಬೆರಳನ್ನು ಅವಳ ಬೆರಳಿನ ಪಕ್ಕದಲ್ಲಿಟ್ಟು, ಎಷ್ಟು ಕಡಿಮೆ ಎಂದು ನೋಡಿಕೊಂಡು, ಹೆಚ್ಚಿನ ನೀರು ಬಗ್ಗಿಸಲು ಒಳಗೆ ಹೋದರು.